ಸೇಂಟ್ ಲ್ಯಾಂಬರ್ಟಿನ ಫ್ರೆಂಚ್ ತರಗತಿ

ಮಕ್ಕಳನ್ನು ಪರಭಾಷೆಯ ಶಾಲೆಗೆ ಕಳುಹಿಸಬೇಕಾಗಿ ಬಂದ ತಂದೆತಾಯಿಗಳ ಕಷ್ಟ ಗಡಿನಾಡಿನ ಉಪಾಧ್ಯಾಯರಾದ ನಮಗೆ ಹೊಸದಲ್ಲ. ಆದರೆ ತಾವಾಗಿಯೇ ಮುಂದೆ ಬಂದು, ನಮ್ಮ ಮಕ್ಕಳಿಗೆ ನೆರೆಯವರ ಭಾಷೆಯಲ್ಲಿಯೇ ಪಾಠ ಹೇಳಿರೆಂದು ಶಾಲಾ ಮಂಡಲಿಯ ಬಾಗಿಲು ತಟ್ಟಿದ ತಂದೆತಾಯಿಗಳೂ ಇದ್ದರೆಂದರೆ ಸೋಜಿಗವಾಗದಿರದು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ 1965ರಲ್ಲಿ ಹೀಗೆ ಆರಂಭವಾದ ಒಂದು ತರಗತಿಯೇ ಇಂದು ‘ಫ್ರೆಂಚ್ ಇಮ್ಮರ್ಷನ್’ ಎಂದು ಹೆಸರಾದ ಪದ್ಧತಿಗೆ ಮಾದರಿಯಾಯಿತು. ಎಳೆಯ ಮಗುವನ್ನು ಪರಭಾಷೆಯಲ್ಲಿ ಮುಳುಗಿಸಿದರೆ ಅದು ತಾನಾಗಿ ಈಜುತ್ತದೆ ಎಂಬ ವಾದಕ್ಕೆ ಈ ತರಗತಿಯನ್ನು ಸಾಕ್ಷಿಯಾಗಿ ತರುವವರುಂಟು. ಆ ಸಾಕ್ಷಿ ನಿಜವಾಗಿ ಹೇಳುವುದೇನು ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಸೇಂಟ್ ಲ್ಯಾಂಬರ್ಟ್ ಎಂಬುದು ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಡದಲ್ಲಿ, ಮಾಂಟ್ರಿಯಲ್ ನಗರಕ್ಕೆ ಎದುರಾಗಿರುವ ಊರು. 1859ರಲ್ಲಿ ಮುಗಿದ ವಿಕ್ಟೋರಿಯಾ ಸೇತುವೆ ಇವೆರಡನ್ನೂ ಕೂಡಿಸುತ್ತದೆ. ಊರಿನಲ್ಲಿ ಇಂಗ್ಲಿಷರೂ ಫ್ರೆಂಚರೂ ನೆರೆಹೊರೆಯಾಗಿದ್ದರೂ ಬಳಕೆ ಅಷ್ಟಕ್ಕಷ್ಟೆ. ಶಾಲೆಗಳು ಆಗ ಮತಾನುಸಾರವಾಗಿ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎಂದು ಬೇರೆಯಾಗಿದ್ದವು. ಬಹುಮಟ್ಟಿಗೆ ಇದೇ ಭಾಷೆಯ ಗಡಿಯೂ ಆಗಿತ್ತು. 1763ರಲ್ಲಿ ಫ್ರಾನ್ಸ್ ಈ ಸೀಮೆಯನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಂದಿನಿಂದ ಪ್ರಾಂತದಲ್ಲಿ ಜನಸಂಖ್ಯೆ ಫ್ರೆಂಚರದು ಹೆಚ್ಚು, ಮಾಂಟ್ರಿಯಲ್ಲಿನ ದೊಡ್ಡ ವ್ಯಾಪಾರ ಮಾತ್ರ ಇಂಗ್ಲಿಷಿನಲ್ಲಿ. 1960ರ ಅನಂತರ ಕ್ವಿಬೆಕ್ಕಿನ ಫ್ರೆಂಚರು ತಮ್ಮ ಮನೆಯ ಯಜಮಾನಿಕೆಯನ್ನು ತಾವೇ ಕೇಳತೊಡಗಿದರು. ಮುಂದಿನ ದಿನಗಳಲ್ಲಿ ಫ್ರೆಂಚ್ ಬಾರದವನಿಗೆ ಆ ನಾಡಿನಲ್ಲಿ ಅನ್ನ ಹುಟ್ಟುವುದು ಕಷ್ಟವೆಂಬುದು ಇಂಗ್ಲಿಷ್ ಮನೆಗಳಿಗೂ ತಿಳಿಯಿತು.

1963ರ ಅಕ್ಟೋಬರಿನಲ್ಲಿ ಹನ್ನೆರಡು ಮಂದಿ ತಂದೆತಾಯಿಗಳು ಒಂದು ಮನೆಯಲ್ಲಿ ಕೂಡಿದರು. ಓಲ್ಗಾ ಮೆಲಿಕಾಫ್, ಮ್ಯೂರಿಯಲ್ ಪಾರ್ಕ್ಸ್, ವ್ಯಾಲರಿ ನೀಲ್ ಎಂಬ ಮೂವರು ಸ್ತ್ರೀಯರು ಇವರಲ್ಲಿ ಮುಂದಾಳುಗಳು. ಇವರ ದೂರು ಸರಳವಾದುದು. ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್ ಪಾಠವಾಗಿದ್ದರೂ ನೆರೆಮನೆಯವರೊಡನೆ ನಾಲ್ಕು ಮಾತು ಆಡಲು ಬಾರದು. ಕಲಿಸುವವರೂ ಬಹುಮಟ್ಟಿಗೆ ಇಂಗ್ಲಿಷರೇ; ವ್ಯಾಕರಣ ಬಾಯಿಪಾಠವಾಗುತ್ತಿತ್ತು, ಭಾಷೆ ಬರುತ್ತಿರಲಿಲ್ಲ. (ಈ ದೂರನ್ನು ಕೇಳಿ ನಮ್ಮಲ್ಲಿ ಕೆಲವರಾದರೂ ತಲೆತಗ್ಗಿಸಬೇಕು.)

ಶಾಲಾ ಮಂಡಲಿ ಮೊದಲು ಒಪ್ಪಲಿಲ್ಲ. ಎರಡು ಭಾಷೆ ಕಲಿತ ಮಗುವಿನ ಬುದ್ಧಿ ಗೊಂದಲಕ್ಕೀಡಾಗುವುದೆಂಬ ನಂಬಿಕೆ ಆಗ ಪಂಡಿತರಲ್ಲಿಯೂ ಇತ್ತು. ಅದನ್ನು ಅಲುಗಿಸಿದವರು ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವ್ಯಾಲೇಸ್ ಲ್ಯಾಂಬರ್ಟ್. ಊರಿನ ಹೆಸರೂ ಇವರ ಹೆಸರೂ ಒಂದೇ ಆದುದು ಕೇವಲ ಆಕಸ್ಮಿಕ. ಎಲಿಜಬೆತ್ ಪೀಲ್ ಎಂಬವರೊಡನೆ 1962ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ಮಾಂಟ್ರಿಯಲ್ಲಿನ ಹತ್ತು ವರ್ಷದ ಮಕ್ಕಳಲ್ಲಿ ಎರಡು ಭಾಷೆ ಬಲ್ಲವರು ಒಂದೇ ಭಾಷೆಯವರಿಗಿಂತ ಬುದ್ಧಿಪರೀಕ್ಷೆಗಳಲ್ಲಿ ಮುಂದಿದ್ದರೆಂದು ತೋರಿಸಿದ್ದರು. ಮಿದುಳಿನ ಶಸ್ತ್ರವೈದ್ಯರಾದ ವೈಲ್ಡರ್ ಪೆನ್‌ಫೀಲ್ಡರೂ ಎಳವೆಯಲ್ಲೇ ಭಾಷೆ ಕಲಿಸಬೇಕೆಂಬ ಪಕ್ಷದವರು. ಇಬ್ಬರೂ ತಂದೆತಾಯಿಗಳ ಬೆಂಬಲಕ್ಕೆ ನಿಂತರು. ಕಡೆಗೆ ಮಂಡಲಿಯು ‘ಪ್ರಯೋಗ’ವೆಂಬ ಹೆಸರಿನಲ್ಲಿ ಅರೆಮನಸ್ಸಿನಿಂದ ಒಪ್ಪಿತು. 1965ರ ಸೆಪ್ಟೆಂಬರಿನಲ್ಲಿ ಮಾರ್ಗರೆಟ್ ಪೆಂಡಲ್‌ಬರಿ ಶಾಲೆಯಲ್ಲಿ 26 ಮಕ್ಕಳ ಶಿಶುತರಗತಿ ಆರಂಭವಾಯಿತು.

ತರಗತಿಯ ಕ್ರಮ ಹೀಗಿತ್ತು. ಉಪಾಧ್ಯಾಯಿನಿಯ ಮಾತೆಲ್ಲ ಫ್ರೆಂಚಿನಲ್ಲೇ. ಆದರೆ ಮೊದಮೊದಲು ಮಕ್ಕಳು ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡಬಹುದು, ಉಪಾಧ್ಯಾಯಿನಿಯನ್ನೂ ಇಂಗ್ಲಿಷಿನಲ್ಲೇ ಕೇಳಬಹುದು. ಆಕೆಗೆ ಅದು ಅರ್ಥವಾಗುತ್ತದೆ, ಉತ್ತರ ಮಾತ್ರ ಫ್ರೆಂಚಿನಲ್ಲಿ ಬರುತ್ತದೆ. ತನ್ನ ಭಾಷೆ ಆಡಿದ್ದಕ್ಕಾಗಿ ಯಾವ ಮಗುವೂ ಬೆಂಚಿನ ಮೇಲೆ ನಿಲ್ಲಬೇಕಾಗಿರಲಿಲ್ಲ. ಓದುಬರೆಹವೂ ಮೊದಲು ಫ್ರೆಂಚಿನಲ್ಲಿಯೇ. ಎರಡನೆಯ ತರಗತಿಯಲ್ಲಿ ದಿನಕ್ಕೆ ಸುಮಾರು ಒಂದು ಗಂಟೆ ಇಂಗ್ಲಿಷ್ ಸೇರಿತು; ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತ ಪ್ರಾಥಮಿಕ ಶಿಕ್ಷಣದ ಕೊನೆಗೆ ಅರ್ಧದಷ್ಟಾಯಿತು.

ಲ್ಯಾಂಬರ್ಟ್ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ಟಕರ್ ಈ ಮಕ್ಕಳನ್ನು ಇಂಗ್ಲಿಷ್ ಶಾಲೆಯ ಮಕ್ಕಳೊಡನೆಯೂ ಫ್ರೆಂಚ್ ಶಾಲೆಯ ಮಕ್ಕಳೊಡನೆಯೂ ವರ್ಷ ವರ್ಷವೂ ಹೋಲಿಸಿ ಪರೀಕ್ಷಿಸಿ, 1972ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಮೊದಲನೆಯ ತರಗತಿಯ ಕೊನೆಗೆ ಇಂಗ್ಲಿಷ್ ಓದಿನಲ್ಲಿ ಮಕ್ಕಳು ಹಿಂದೆ ಬಿದ್ದಿದ್ದರು. ಇಂಗ್ಲಿಷ್ ಪಾಠ ಸೇರಿದ ಮೇಲೆ ಆ ಕೊರತೆ ಬೇಗನೆ ತುಂಬಿಬಂತು. ಫ್ರೆಂಚಿನಲ್ಲಿ ಕಲಿತ ಗಣಿತವೂ ಕೆಡಲಿಲ್ಲ. ಕೇಳಿ ತಿಳಿಯುವುದರಲ್ಲಿ ಫ್ರೆಂಚ್ ಮಕ್ಕಳಿಗೆ ಸಮೀಪ ಬಂದರು. ಆದರೆ ಆಡುವುದರಲ್ಲಿಯೂ ಬರೆಯುವುದರಲ್ಲಿಯೂ ಸಮನಾಗಲಿಲ್ಲ. ಫ್ರೆಂಚಿನಲ್ಲಿ ಮೇಜು ಕುರ್ಚಿಗಳಿಗೂ ಲಿಂಗಭೇದವುಂಟು. ಅದರಲ್ಲಿಯೂ ಕ್ರಿಯಾಪದದ ರೂಪಗಳಲ್ಲಿಯೂ ಇಂತಹ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳ ಮೇಲೂ ತಪ್ಪುತ್ತಾರೆಂದು ಆಮೇಲಿನ ಸಂಶೋಧಕರು ಕಂಡರು. ನಮಗೆ ತೋರುವ ಕಾರಣವೊಂದುಂಟು: ತರಗತಿಯಲ್ಲಿ ಫ್ರೆಂಚ್ ಮನೆಮಾತಿನವರು ಉಪಾಧ್ಯಾಯರೊಬ್ಬರೇ, ಆಟದ ಬಯಲಿನಲ್ಲಿ ಎಲ್ಲರೂ ಇಂಗ್ಲಿಷ್ ಮಕ್ಕಳು. ಆಟವಿಲ್ಲದ ಭಾಷೆ ಪಾಠದ ಭಾಷೆಯಾಗಿಯೇ ಉಳಿಯುತ್ತದೆ.

ಇಮ್ಮರ್ಷನ್ ಎಂಬುದಕ್ಕೆ ನಾವು ‘ಅವಗಾಹನ’ ಎನ್ನೋಣ. ನೀರಿಗಿಳಿದು ಮೀಯುವುದು ಎಂಬುದು ಅದರ ಮೂಲಾರ್ಥ. ಚೆನ್ನಾಗಿ ತಿಳಿಯುವುದು ಎಂಬ ಅರ್ಥದಲ್ಲಿ ಅವಗಾಹನೆ ನಮ್ಮಲ್ಲಿ ಬಳಕೆಯಲ್ಲೇ ಇದೆ. ಇದಕ್ಕಿಂತ ಬೇರೆಯಾದುದು ಮುಳುಗಡೆ. ಸೇಂಟ್ ಲ್ಯಾಂಬರ್ಟಿನ ಮಗು ಸಂಜೆ ಮನೆಗೆ ಬಂದರೆ ಇಂಗ್ಲಿಷ್, ಅಂಗಡಿಯಲ್ಲಿ ಇಂಗ್ಲಿಷ್, ಇಡೀ ಖಂಡದಲ್ಲಿ ಇಂಗ್ಲಿಷ್. ಅದರ ತಾಯ್ನುಡಿಗೆ ಕುಂದು ಬರುವ ಭಯವೇ ಇರಲಿಲ್ಲ. ಇದನ್ನು ಲ್ಯಾಂಬರ್ಟರೇ ಮುಂದೆ ಗಣಿತದ ಮಾತಿನಲ್ಲಿ ವಿವರಿಸಿದರು: ಇದ್ದ ಭಾಷೆಗೆ ಇನ್ನೊಂದು ಸೇರುವುದು ಸಂಕಲನ, ಇನ್ನೊಂದು ಬಂದು ಇದ್ದುದನ್ನು ಹೊರಗೆ ಹಾಕುವುದು ವ್ಯವಕಲನ. ತಮ್ಮ ಪ್ರಯೋಗದ ಫಲವನ್ನು ಅಲ್ಪಸಂಖ್ಯಾತರ ಮಕ್ಕಳಿಗೆ ಹಾಗೆಯೇ ಅನ್ವಯಿಸಬಾರದೆಂಬುದು ಅವರ ಅಭಿಪ್ರಾಯವೇ ಆಗಿತ್ತು. ಇದನ್ನು ಮರೆಮಾಡಿ ಅವರ ಹೆಸರು ಹೇಳುವವರು ಅರ್ಧ ಸಾಕ್ಷಿಯನ್ನು ಮಾತ್ರ ಓದುತ್ತಾರೆ.

ವ್ಯವಕಲನವನ್ನು ಕಾಣಲು ಕೆನಡಾ ಬಿಟ್ಟು ಹೋಗಬೇಕಾಗಿಲ್ಲ. ನೆರೆಯ ಒಂಟೇರಿಯೊ ಪ್ರಾಂತದಲ್ಲಿ ಫ್ರೆಂಚರು ಅಲ್ಪಸಂಖ್ಯಾತರು. 1912ರಲ್ಲಿ ಅಲ್ಲಿನ ಸರಕಾರ ಹದಿನೇಳನೆಯ ನಿಯಮವೆಂಬುದನ್ನು ತಂದು, ಮೊದಲೆರಡು ವರ್ಷಗಳಾಚೆಗೆ ಫ್ರೆಂಚಿನಲ್ಲಿ ಪಾಠ ಹೇಳಕೂಡದೆಂದು ವಿಧಿಸಿತು. ಒಟ್ಟಾವಾದ ಗೀಗ್ ಶಾಲೆಯಲ್ಲಿ ಬಿಯಾಟ್ರಿಸ್, ಡಯಾನ್ ದೇಲೋಜ್ ಎಂಬ ಸೋದರಿಯರಿಬ್ಬರು ಈ ನಿಯಮವನ್ನು ಒಪ್ಪದೆ ಕೆಲಸ ಕಳೆದುಕೊಂಡರು. ಶಾಲೆಯ ಹೊರಗೆ ಮಕ್ಕಳನ್ನು ಕೂಡಿಸಿ ಪಾಠ ಮುಂದುವರಿಸಿದರು. 1916ರ ಜನವರಿಯಲ್ಲಿ ತಾಯಂದಿರು ಅವರನ್ನು ಮತ್ತೆ ಶಾಲೆಯೊಳಗೆ ಕರೆತಂದು, ಟೋಪಿಗೆ ಚುಚ್ಚುವ ಉದ್ದನೆಯ ಸೂಜಿಗಳನ್ನು ಹಿಡಿದು ಬಾಗಿಲು ಕಾದರು. ಆ ಚಳಿಯಲ್ಲಿ ಪೊಲೀಸರಿಗೆ ಎದುರಾಗಿ ನಿಂತ ತಾಯಂದಿರಿಗೆ ಬೇಕಾಗಿದ್ದುದು ಇಷ್ಟೇ: ತಮ್ಮ ಮಕ್ಕಳು ತಮ್ಮ ಮಾತಿನಲ್ಲಿ ಅಕ್ಷರ ಕಲಿಯಬೇಕು. ನಿಯಮದ ಬಿಗಿ ಸಡಿಲವಾದುದು 1927ರಲ್ಲಿ.

ಅವಗಾಹನ ತರಗತಿಗಳು ಅಲ್ಲಿಂದ ಮುಂದೆ ಕೆನಡಾದ ಎಲ್ಲ ಪ್ರಾಂತಗಳಿಗೂ ಹರಡಿದವು. ಇಂದು ಅವುಗಳಲ್ಲಿ ಓದುವ ಮಕ್ಕಳು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟಿದ್ದಾರೆ. ಫ್ರೆಂಚ್ ಬಲ್ಲ ಉಪಾಧ್ಯಾಯರ ಕೊರತೆಯೂ, ಉಳ್ಳವರ ಮಕ್ಕಳೇ ಹೆಚ್ಚಾಗಿ ಬರುತ್ತಾರೆಂಬ ಆಕ್ಷೇಪಣೆಯೂ ಜೊತೆಗಿವೆ. ಆದರೆ ಕ್ವಿಬೆಕ್ಕಿನ ಹೊರಗಿನ ಫ್ರೆಂಚರು ಈ ಶಾಲೆಗಳಿಂದ ತೃಪ್ತರಾಗಲಿಲ್ಲ. ಇಂಗ್ಲಿಷ್ ಮಕ್ಕಳ ನಡುವೆ ಕೂತ ಫ್ರೆಂಚ್ ಮಗು ಆಟದ ಬಯಲಿನಲ್ಲಿ ಇಂಗ್ಲಿಷಿಗೆ ತಿರುಗುತ್ತದೆಂಬುದು ಅವರ ಅನುಭವ. ಅವರು ಬೇರೆ ಶಾಲೆಗಳನ್ನೇ ಕೇಳಿದರು. 1982ರ ಸಂವಿಧಾನದ ಇಪ್ಪತ್ತಮೂರನೆಯ ವಿಧಿಯು ಆ ಹಕ್ಕನ್ನು ಕೊಟ್ಟಿತು. ಮಕ್ಕಳ ಸಂಖ್ಯೆ ಸಾಕಷ್ಟಿರುವಲ್ಲಿ ಶಾಲೆಯ ಆಡಳಿತದಲ್ಲಿಯೂ ಅವರಿಗೆ ಅಧಿಕಾರವಿರಬೇಕೆಂದು 1990ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯನ್ನು ಬಲ್ಲ ವಾಚಕರು ಎರಡನ್ನೂ ಪಕ್ಕದಲ್ಲಿಟ್ಟು ಓದಬಹುದು.

ಒಟ್ಟಾವಾದ ಪೂರ್ವಭಾಗದಲ್ಲಿ ಈಗ ಒಂದು ಫ್ರೆಂಚ್ ಪ್ರೌಢಶಾಲೆಯಿದೆ. ಅದಕ್ಕೆ ಬಿಯಾಟ್ರಿಸ್ ದೇಲೋಜ್ ಎಂಬ ಆ ಉಪಾಧ್ಯಾಯಿನಿಯ ಹೆಸರನ್ನೇ ಇಟ್ಟಿದ್ದಾರೆ.