ಕಣಿಕೆ ಮತ್ತು ಹತ್ತಿಕಾಳು: ಬಾಳೆಹೊಸೂರ ಸೀಮೆಯ ಮೇವಿನ ಚರಿತ್ರೆ

ಜೋಳವನ್ನು ಅನ್ನದ ಬೆಳೆಯೆಂದಷ್ಟೇ ಪರಿಗಣಿಸುವ ಕೃಷಿ ಚರಿತ್ರೆಯು ಅರ್ಧ ಚರಿತ್ರೆ ಮಾತ್ರ. ಗದಗ ಜಿಲ್ಲೆಯ ಬಾಳೆಹೊಸೂರನ್ನು ಒಳಗೊಂಡ ಲಕ್ಷ್ಮೇಶ್ವರ–ಶಿರಹಟ್ಟಿ ಸೀಮೆಯ ಎರೆ ಹಾಗೂ ಮಸಾರಿ ಭೂಮಿಯಲ್ಲಿ ಜೋಳವೆಂದರೆ ಮನೆಗೆ ಕಾಳು, ಕೊಟ್ಟಿಗೆಗೆ ಕಣಿಕೆ. ಒಕ್ಕಲುತನವು ಎತ್ತಿನ ಹೆಗಲನ್ನೇ ನಂಬಿದ್ದ ಕಾಲದಲ್ಲಿ ಈ ಎರಡನೆಯ ಫಸಲು ಮೊದಲನೆಯದಕ್ಕಿಂತ ಕಡಿಮೆಯದಾಗಿರಲಿಲ್ಲ.

ಹಿಂಗಾರಿ ಸುಗ್ಗಿಯ ನಂತರ ಒಣಗಿದ ಕಣಿಕೆಯನ್ನು ಸೂಡುಕಟ್ಟಿ, ಮಳೆನೀರು ಇಳಿಯದಂತೆ ಬಣವೆ ಒಟ್ಟುವುದು ರೂಢಿ. ಕಣಿಕೆ ಹೊಟ್ಟೆ ತುಂಬಿಸಿದರೂ ಅದರಲ್ಲಿ ಸಸಾರಜನಕ ಕಡಿಮೆ. ಆ ಕೊರತೆಯನ್ನು ಕಡಲೆ, ತೊಗರಿ, ಹೆಸರಿನ ಹೊಟ್ಟು, ಶೇಂಗಾ ಹಿಂಡಿ, ನೆನೆಸಿ ರುಬ್ಬಿದ ಹತ್ತಿಕಾಳು ತುಂಬುತ್ತವೆ. ದುಡಿಯುವ ಎತ್ತಿಗೆ ಬೇಯಿಸಿದ ಹುರುಳಿಯೂ ಸಲ್ಲುತ್ತದೆ. ಮಳೆಯಿಲ್ಲದೆ ಬಾಡಿದ ಎಳೆಜೋಳವನ್ನು ದನಕ್ಕೆ ಮೇಯಿಸಬಾರದೆಂಬ ಎಚ್ಚರಿಕೆಯೂ ಈ ಜ್ಞಾನದ ಭಾಗ. ಅಂಥ ಪೈರಿನಲ್ಲಿ ಸೈನೈಡ್ ವಿಷವಿರುವುದನ್ನು ವಿಜ್ಞಾನವೂ ದೃಢಪಡಿಸಿದೆ. ಕಾರಹುಣ್ಣಿಮೆಯ ಮುನ್ನಾದಿನದ ಹೊನ್ನುಗ್ಗಿಯಲ್ಲಿ ಎತ್ತುಗಳಿಗೆ ಹುಗ್ಗಿ ಉಣ್ಣಿಸುವ ಆಚರಣೆಯನ್ನು ಬಿತ್ತನೆಯ ದುಡಿಮೆಗೆ ನಡೆಸುವ ಸಿದ್ಧತೆಯೆಂದೂ ಗ್ರಹಿಸಬಹುದಾಗಿದೆ.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದುದು 19ನೆಯ ಶತಮಾನದಲ್ಲಿ. ಸ್ಥಳೀಯ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲಿರಿಸಿ, ಕಬ್ಬಿಣದ ಉರುಳೆಯನ್ನು ಕಾಲಿನಿಂದ ಹೊರಳಿಸಿ ಕಾಳು ಬೇರ್ಪಡಿಸುತ್ತಿದ್ದರು. ಕಾಳು ಊರಲ್ಲೇ ಉಳಿಯುತ್ತಿತ್ತು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂದ ಅಮೆರಿಕನ್ ಹತ್ತಿಗೆ ಗರಗಸದ ಯಂತ್ರವೇ ಬೇಕಾಯಿತು. 1861–65ರ ಅಮೆರಿಕದ ಅಂತರ್ಯುದ್ಧವು ಹತ್ತಿಯ ಬೆಲೆಯನ್ನು ಏರಿಸಿತು. 1884ರಲ್ಲಿ ಗದಗಿಗೆ ರೈಲು ಬಂತು. ಹತ್ತಿ ಗಿರಣಿ ಸೇರಿದಂತೆ ಕಾಳೂ ಕೊಂಡುಕೊಳ್ಳುವ ಸರಕಾಯಿತು. ಈ ನಡುವೆ 1876–78ರ ಬರವು ಜನರೊಡನೆ ಜಾನುವಾರುಗಳನ್ನೂ ಬಲಿತೆಗೆದುಕೊಂಡಿತು. ಬಣವೆ ಬರಿದಾದ ಒಕ್ಕಲಿಗನಿಗೆ ಮುಂದಿನ ಮಳೆ ಬಂದರೂ ಉಳಲು ಎತ್ತಿರಲಿಲ್ಲ.

ಎರಡನೆಯ ಪಲ್ಲಟ ಸಂಕರಣ ತಳಿಗಳದು. 1964ರಲ್ಲಿ ಬಿಡುಗಡೆಯಾದ ಸಿಎಸ್‌ಎಚ್-1 ಜೋಳ ಅಧಿಕ ಇಳುವರಿಯದಾದರೂ ಗಿಡ್ಡ ತಳಿ. ಹಿಂಗಾರಿ ಸೀಮೆಯ ರೈತರು ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಎತ್ತರದ ಮಾಲದಂಡಿಯನ್ನು ಬಿಡದಿರಲು ರೊಟ್ಟಿಯ ರುಚಿಯಷ್ಟೇ ಕಣಿಕೆಯೂ ಕಾರಣ. ಇದನ್ನು ಹಿಂದುಳಿದಿರುವಿಕೆಯೆಂದು ಕರೆಯುವುದು ಉಚಿತವಲ್ಲ. ಅದು ಕಾಳು ಮತ್ತು ಮೇವು ಎರಡನ್ನೂ ತೂಗಿದ ಲೆಕ್ಕಾಚಾರ.

ಇಂದು ಟ್ರ್ಯಾಕ್ಟರ್ ಎತ್ತನ್ನು ಹಿಂದಕ್ಕೆ ಸರಿಸಿದೆ. ಧಾರವಾಡದ ಘಟಕದಂಥ ಕಡೆ ತಯಾರಾಗುವ ಚೀಲದ ಪಶು ಆಹಾರ ಹಾಲುಗಾರರಿಗೆ ನೆರವಾಗಿದೆ. ಆದರೆ ಚೀಲ ಕಣಿಕೆಗೆ ಪೂರಕವೇ ಹೊರತು ಪರ್ಯಾಯವಲ್ಲ. ಜೋಳದ ಹೊಲ ಕಿರಿದಾದಷ್ಟೂ ಬಣವೆಯೊಂದಿಗೆ ಅದನ್ನು ಒಟ್ಟುವ, ಅಳೆದು ಹಾಕುವ ತಿಳಿವಳಿಕೆಯೂ ಕರಗುತ್ತದೆ. ಅದರ ದಾಖಲಾತಿಯು ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.