ಕಣಜದಲ್ಲಿ ರಾಗಿ ಇತ್ತು, ಕೈಯಲ್ಲಿ ಕಾಸಿರಲಿಲ್ಲ



ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳ ಪ್ರಸಂಗವಿದು. ಅಂದು ಆರ್ಥಿಕ ಮಹಾಕುಸಿತದ ಪಾಠ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದದ್ದು, ಬ್ಯಾಂಕುಗಳು ಬಾಗಿಲು ಹಾಕಿದ್ದು, 1933ರ ವೇಳೆಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು ನಿರುದ್ಯೋಗಿಗಳಾದದ್ದು, ಅಧ್ಯಕ್ಷ ರೂಸ್‌ವೆಲ್ಟರ ‘ನ್ಯೂ ಡೀಲ್’, ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಆವಾಗ ನಮ್ಮೂರಲ್ಲಿ ಏನಾಗಿತ್ತು?” ಎಂದು ಕೇಳಿದ. “ಹಳ್ಳಿಗಾಡಿಗೆ ಷೇರುಪೇಟೆ ಎಲ್ಲಿಂದ ಬರಬೇಕಪ್ಪಾ? ಏನೂ ಆಗಲಿಲ್ಲ, ಕೂತ್ಕೋ” ಎಂದುಬಿಟ್ಟೆ. ಆ ಉತ್ತರ ತಪ್ಪಾಗಿತ್ತು. ಅದು ತಪ್ಪೆಂಬುದಕ್ಕೆ ಸಾಕ್ಷಿ ನಮ್ಮ ಮನೆಯಲ್ಲಿಯೇ ಇತ್ತೆಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ನಮ್ಮ ಅಜ್ಜಿಯ ಮನೆ ಕುಣಿಗಲ್ ತಾಲ್ಲೂಕಿನಲ್ಲಿತ್ತು. ನಾವು ಮಕ್ಕಳು ರಾತ್ರಿ ಊಟಕ್ಕೆ ಕುಳಿತಾಗ ಆಕೆ ಎಷ್ಟೋ ಸಲ ಹೇಳುತ್ತಿದ್ದ ಮಾತೊಂದಿದೆ: “ಕಣಜದಾಗೆ ರಾಗಿ ಇತ್ತು ಮಗಾ, ಕೈಯಾಗೆ ಕಾಸಿರಲಿಲ್ಲ. ಕಂದಾಯ ಕಟ್ಟಾಕೆ ನನ್ನ ಅಡ್ಡಿಕೆ ಹೋಯ್ತು.” ಮದುವೆಯಲ್ಲಿ ತವರಿನವರು ಹಾಕಿದ್ದ ಚಿನ್ನದ ಅಡ್ಡಿಕೆಯನ್ನು ತಾತ ತುಮಕೂರಿನ ಪೇಟೆಗೆ ಒಯ್ದು ಮಾರಿದ್ದರಂತೆ. ಬರಗಾಲದಲ್ಲಿ ಒಡವೆ ಮಾರುವುದನ್ನು ನಾವು ಬಲ್ಲೆವು. ಬೆಳೆ ಬಂದಿದ್ದೂ ಒಡವೆ ಮಾರಬೇಕಾದದ್ದೇಕೆ? ಆ ಹುಡುಗನ ಪ್ರಶ್ನೆಗೂ ಅಜ್ಜಿಯ ಮಾತಿಗೂ ಉತ್ತರ ಒಂದೇ.

1929ರಿಂದ ನಾಲ್ಕೈದು ವರ್ಷಗಳಲ್ಲಿ ಭಾರತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಸರಿಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಕಂದಾಯ ನಿಗದಿಯಾಗಿದ್ದುದು ರೂಪಾಯಿಯಲ್ಲಿ. ಸಾಹುಕಾರನ ಅಸಲು ಬಡ್ಡಿಗಳೂ ರೂಪಾಯಿಯಲ್ಲಿ. ಒಂದು ಪಲ್ಲ ರಾಗಿ ಮಾರಿ ತೀರಿಸುತ್ತಿದ್ದ ಬಾಕಿಗೆ, ಬೆಲೆ ಅರ್ಧವಾದಾಗ ಎರಡು ಪಲ್ಲ ಮಾರಬೇಕು. ರೈತ ಹೊಸ ಸಾಲ ಮಾಡದಿದ್ದರೂ ಅವನ ಸಾಲ ಇಮ್ಮಡಿಯಾದಂತೆಯೇ ಆಯಿತು. ಷೇರುಪೇಟೆಯ ಹೆಸರನ್ನೇ ಕೇಳದ ನಮ್ಮವರನ್ನು ಮಹಾಕುಸಿತ ಮುಟ್ಟಿದ ಬಗೆ ಇದು.

ಕುಣಿಗಲ್ ಸೀಮೆಗೆ ಮತ್ತೊಂದು ಪೆಟ್ಟು ಬಿದ್ದಿತು. ಹಿಪ್ಪುನೇರಳೆ ಬೆಳೆದು, ಚಂದ್ರಿಕೆಗಳಲ್ಲಿ ಗೂಡು ಕಟ್ಟಿಸಿ, ಆ ಹಣದಿಂದ ಮನೆ ಖರ್ಚು ತೂಗಿಸುತ್ತಿದ್ದ ಕುಟುಂಬಗಳು ಅಲ್ಲಿ ಹೇರಳವಾಗಿದ್ದವು. ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದ ಪ್ರದೇಶವದು. ಜಪಾನಿನ ರೇಷ್ಮೆಯ ದೊಡ್ಡ ಗಿರಾಕಿ ಅಮೆರಿಕ. ಅಲ್ಲಿಯವರ ಕೈಯಲ್ಲಿ ಹಣವಿಲ್ಲದಂತಾಗಲು ಜಪಾನ್ ತನ್ನ ರೇಷ್ಮೆಯನ್ನು ಬೇರೆ ದೇಶಗಳಿಗೆ ಅಗ್ಗಕ್ಕೆ ಸಾಗಿಸತೊಡಗಿತು. 1931ರ ಡಿಸೆಂಬರಿನಲ್ಲಿ ಜಪಾನ್ ಚಿನ್ನದ ಪ್ರಮಾಣವನ್ನು ಕೈಬಿಟ್ಟ ಮೇಲೆ ಯೆನ್ನಿನ ಬೆಲೆ ಕುಸಿದು ಆ ಸರಕು ಇನ್ನೂ ಅಗ್ಗವಾಯಿತು. ಚೀನಾದ ರೇಷ್ಮೆ, ಕೃತಕ ರೇಷ್ಮೆಗಳೂ ಜೊತೆಗೂಡಿದವು. ನ್ಯೂಯಾರ್ಕಿನ ಹೆಂಗಸೊಬ್ಬಳು ರೇಷ್ಮೆಯ ಕಾಲುಚೀಲ ಕೊಳ್ಳುವುದನ್ನು ಬಿಟ್ಟರೆ ಕುಣಿಗಲ್ಲಿನ ಗೂಡಿನ ಬೆಲೆ ಬೀಳುತ್ತಿತ್ತು. ಎಷ್ಟೋ ಹಿಪ್ಪುನೇರಳೆ ತೋಟಗಳು ಮಾಯವಾದವು. ಗುಬ್ಬಿಯ ಕಡೆಯ ತೆಂಗಿನ ತೋಟದವರೂ ಈ ಸುಳಿಯ ಹೊರಗಿರಲಿಲ್ಲ. ಸಿಂಹಳದ ಅಗ್ಗದ ಕೊಬ್ಬರಿ, ಎಣ್ಣೆಗಳು ಆಗ ಭಾರತದ ಬಂದರುಗಳಿಗೆ ಬಂದಿಳಿಯುತ್ತಿದ್ದವು.

ಸರ್ಕಾರ ಏನು ಮಾಡಿತು? ಇಲ್ಲಿ ‘ಯಾವ ಸರ್ಕಾರ’ ಎಂದು ಮೊದಲು ಕೇಳಬೇಕು. ತುಮಕೂರು ಜಿಲ್ಲೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. 1926ರಿಂದ 1941ರವರೆಗೆ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆದರೆ ನಾವು ಬಳಸುತ್ತಿದ್ದ ರೂಪಾಯಿ ಬ್ರಿಟಿಷ್ ಇಂಡಿಯಾದ್ದು. ಬಂದರಿನ ಸುಂಕವೂ ಅವರ ಅಧೀನ.

ಮೈಸೂರು ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. ರೈತರ ಸಾಲದ ಲೆಕ್ಕವನ್ನು ನ್ಯಾಯಾಲಯ ಕೆದಕಿ ನೋಡಲು ಅವಕಾಶ ಕೊಡುವ ಕಾನೂನು 1928ರಲ್ಲಿಯೇ ಬಂದಿತ್ತು. ಹಳೆಯ ಸಾಲ ತೀರಿಸಿಕೊಳ್ಳಲು ದೀರ್ಘಾವಧಿ ಸಾಲ ನೀಡುವ ಸಹಕಾರಿ ಭೂ ಅಡಮಾನ ಬ್ಯಾಂಕು 1929ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಕನ್ನಂಬಾಡಿಯ ನೀರನ್ನು ಮಂಡ್ಯದ ಬಯಲಿಗೆ ಒಯ್ಯುವ ಇರ್ವಿನ್ ನಾಲೆಯ ಕೆಲಸವನ್ನು ಮುಗ್ಗಟ್ಟಿನ ನಡುವೆಯೂ ನಿಲ್ಲಿಸಲಿಲ್ಲ. ಇಂದು ಅದು ವಿಶ್ವೇಶ್ವರಯ್ಯ ನಾಲೆ. ಆ ನೀರಿಗೆ ಕಬ್ಬು, ಕಬ್ಬಿಗೆ 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ. ಅದರ ಹಿಂದಿನ ವರ್ಷವೇ ಭಾರತ ಸರ್ಕಾರ ಸಕ್ಕರೆಗೆ ಸುಂಕದ ರಕ್ಷಣೆ ಕೊಟ್ಟದ್ದು ಒಳ್ಳೆಯ ಅನುಕೂಲವಾಯಿತು. ಬೀಡುಕಬ್ಬಿಣದ ಬೆಲೆ ಬಿದ್ದು ಭದ್ರಾವತಿ ಕಾರ್ಖಾನೆ ನಷ್ಟದಲ್ಲಿದ್ದರೂ ಅದನ್ನು ಮುಚ್ಚಲಿಲ್ಲ. 1936ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆ ಶುರುವಾಯಿತು.

ಅದೇ ಕಾಲದಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರದ ಚಿಂತೆಯೆಲ್ಲ ಆಯವ್ಯಯ ಸರಿದೂಗಿಸುವುದರಲ್ಲಿತ್ತು. ತೆರಿಗೆ ಏರಿಸಿದರು, ನೌಕರರ ಸಂಬಳದಲ್ಲಿ ಶೇಕಡ 10 ಕಡಿತ ಮಾಡಿದರು. ರೂಪಾಯಿಗೆ 18 ಪೆನ್ಸ್ ಎಂಬ ವಿನಿಮಯ ದರ ಅತಿಯಾಯಿತೆಂದು ಭಾರತದ ವರ್ತಕರೂ ರಾಷ್ಟ್ರೀಯ ನಾಯಕರೂ ಎಷ್ಟು ಹೇಳಿದರೂ ಅದನ್ನು ಬಿಡಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಪ್ರಮಾಣವನ್ನು ತೊರೆದಾಗ ರೂಪಾಯಿಯನ್ನು ಅದೇ ದರದಲ್ಲಿ ಸ್ಟರ್ಲಿಂಗಿಗೆ ಕಟ್ಟಿದರು. ಚಿನ್ನದ ಬೆಲೆ ಏರಿತು, ಧಾನ್ಯದ ಬೆಲೆ ಏರಲಿಲ್ಲ. ಹಳ್ಳಿಹಳ್ಳಿಗಳಿಂದ ಒಡವೆಗಳು ಪೇಟೆಗೆ, ಪೇಟೆಯಿಂದ ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹರಿದವು. ಮುಂದಿನ ಕೆಲವೇ ವರ್ಷಗಳಲ್ಲಿ ಹೀಗೆ ಹೊರಟುಹೋದ ಚಿನ್ನದ ಮೌಲ್ಯ ನೂರಾರು ಕೋಟಿ ರೂಪಾಯಿ. ಇತಿಹಾಸಕಾರರು ಇದನ್ನು ‘ಸಂಕಟದ ಚಿನ್ನ’ವೆಂದು ಕರೆಯುತ್ತಾರೆ. ಅಜ್ಜಿಯ ಅಡ್ಡಿಕೆಯನ್ನು ಕರಗಿಸಿದ ಗಟ್ಟಿ ಎಲ್ಲಿಗೆ ಹೋಯಿತೆಂದು ಹೇಳಬಲ್ಲವರು ಯಾರೂ ಇಲ್ಲ. ಆದರೆ ಅದು ಯಾವ ಪ್ರವಾಹಕ್ಕೆ ಬಿದ್ದಿತೆಂಬುದು ನನಗೀಗ ತಿಳಿದಿದೆ.

ಇದನ್ನೆಲ್ಲ ಒಟ್ಟಾಗಿ ನೋಡಿದಾಗ ನನಗೆ ತೋರುವುದಿಷ್ಟು. ರೂಸ್‌ವೆಲ್ಟರು 1933ರಲ್ಲಿ ಕಾಮಗಾರಿಗಳನ್ನು ಆರಂಭಿಸಿದ್ದು ಮಾತ್ರವಲ್ಲ, ಡಾಲರನ್ನು ಚಿನ್ನದಿಂದ ಬಿಡಿಸಿ, ಬೀಳುತ್ತಿದ್ದ ಬೆಲೆಗಳನ್ನೂ ಎತ್ತಿ ಹಿಡಿದರು. ನಮ್ಮ ದಿವಾನರ ಕೈಯಲ್ಲಿದ್ದುದು ಮೊದಲನೆಯ ಉಪಾಯ ಮಾತ್ರ. ನಾಲೆ ತೋಡಿಸಬಲ್ಲವರಾಗಿದ್ದರು, ಕಾರ್ಖಾನೆ ಕಟ್ಟಿಸಬಲ್ಲವರಾಗಿದ್ದರು. ರೂಪಾಯಿಯ ಭಾರ ಇಳಿಸಬಲ್ಲವರಾಗಿರಲಿಲ್ಲ. ಜಪಾನಿನ ರೇಷ್ಮೆಗೆ ತಡೆಸುಂಕ ಹಾಕಬೇಕಾದರೂ ಸುಂಕ ಮಂಡಲಿಯ ವಿಚಾರಣೆ ಮುಗಿದು 1934 ಬರುವವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಎಷ್ಟೋ ಚಂದ್ರಿಕೆಗಳು ಅಟ್ಟ ಸೇರಿದ್ದವು.

ಇನ್ನೊಂದು ಮಾತನ್ನೂ ಹೇಳಬೇಕು. ನಾಲೆಯ ನೀರು ಮಂಡ್ಯಕ್ಕೆ ಹರಿಯಿತು, ಅಲ್ಲಿ ಬದುಕು ಹಸನಾಯಿತು, ಅದು ಸಂತೋಷವೇ. ಕುಣಿಗಲ್ ತಾಲ್ಲೂಕಿಗೂ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ ದೊರೆತದ್ದು ಅದೇ ಮಹಾರಾಜರ ದಯೆಯಿಂದ. ಆದರೆ ಮಳೆಯನ್ನೂ ಕೆರೆಯನ್ನೂ ನಂಬಿದ ಅಜ್ಜಿಯ ಹೊಲ ಯಾವ ಅಚ್ಚುಕಟ್ಟಿಗೂ ಸೇರಿರಲಿಲ್ಲ. ಅಡಮಾನ ಬ್ಯಾಂಕಿನ ಹೆಸರನ್ನು ಆಕೆಯ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಒಳ್ಳೆಯ ಸರ್ಕಾರದ ಒಳ್ಳೆಯ ಕೆಲಸವೂ ಕಂದಾಯದ ಕಂತಿನ ದಿನಕ್ಕೆ ಸರಿಯಾಗಿ ಮನೆಬಾಗಿಲಿಗೆ ಬರುವುದಿಲ್ಲ. ಕಂತಿನ ದಿನ ಮಾತ್ರ ತಪ್ಪದೆ ಬರುತ್ತದೆ. ಮಿರ್ಜಾ ಸಾಹೇಬರ ಮೇಲಿನ ನನ್ನ ಗೌರವ ಇದರಿಂದ ಕುಂದಿಲ್ಲ. ಆ ಕಾಲವನ್ನು ಬರೀ ಉದ್ಯಾನ, ದೀಪಾಲಂಕಾರಗಳಿಂದ ಅಳೆಯುವುದನ್ನು ಮಾತ್ರ ಬಿಟ್ಟಿದ್ದೇನೆ.

ಅಂದು ಪ್ರಶ್ನೆ ಕೇಳಿದ ಹುಡುಗನಿಗೆ ಈಗ ಮಕ್ಕಳಿರಬಹುದು. ಇದನ್ನು ಓದಿದರೆ, ಅಂದಿನ ನನ್ನ ಉತ್ತರವನ್ನು ಹೊಡೆದುಹಾಕಿ ಇದನ್ನು ಬರೆದುಕೊಳ್ಳಲಿ. ಉಳಿದವರಲ್ಲಿ ಒಂದು ವಿನಂತಿ: ನಿಮ್ಮ ಮನೆಯ ಹಿರಿಯರು ಯಾವ ಒಡವೆ, ಯಾವ ತುಂಡು ಹೊಲ, ಯಾವ ಜೋಡಿ ಎತ್ತು ಯಾವ ವರ್ಷ ಕೈಬಿಟ್ಟಿತೆಂದು ಹೇಳಿದರೆ, ಹಳೆಯ ಗೋಳೆಂದು ತಳ್ಳಿಹಾಕದೆ ವರ್ಷದ ಸಮೇತ ಬರೆದಿಡಿ. ಪಠ್ಯಪುಸ್ತಕದಲ್ಲಿ ನಮ್ಮೂರು ಇಲ್ಲದ ಕಡೆ ಅದನ್ನು ಸೇರಿಸಲು ಬೇಕಾಗುವುದು ಅದೇ.