ಅಂಕಿತ ತೆಗೆದ ಮೇಲೆ ಯಂತ್ರಕ್ಕೆ ಏನು ಗೊತ್ತು? ಹುನಗುಂದದಿಂದ ಎಐ ಓದಿನ ಚರಿತ್ರೆ

ಐಹೊಳೆಗೆ ಹೋಗಿದ್ದೀರಾ? ಹೋದವರಲ್ಲಿ ಹೆಚ್ಚಿನವರು ದುರ್ಗ ಗುಡಿ ಮುಂದೆ ಸೆಲ್ಫಿ ತಗೊಂಡು ವಾಪಸ್ ಬಂದುಬಿಡ್ತಾರೆ. ಸ್ವಲ್ಪ ಬಿಸಿಲು ತಡೆದುಕೊಂಡು ಮೇಗುತಿ ಗುಡ್ಡ ಹತ್ತಿದರೆ ಅಲ್ಲಿನ ಜೈನ ಬಸದಿಯ ಗೋಡೆಯಲ್ಲಿ ಒಂದು ಶಾಸನ ಇದೆ. ಕ್ರಿ.ಶ. 634ರದ್ದು. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ ಬರೆದದ್ದು. ಹುನಗುಂದ ತಾಲ್ಲೂಕಿನ ಈ ಕಲ್ಲಿನಿಂದಲೇ ಇವತ್ತಿನ ಮಾತು ಶುರು ಮಾಡೋಣ. ವಿಷಯ ಮಾತ್ರ ಎಐ, ಅಂದರೆ ಕೃತಕ ಬುದ್ಧಿಮತ್ತೆ. ಅದನ್ನು ಓದೋ ಹಕ್ಕು ಯಾರದ್ದು ಅನ್ನೋದು ಪ್ರಶ್ನೆ.

ಆ ಶಾಸನದ ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಕಾಲವನ್ನು ಎರಡು ಲೆಕ್ಕದಲ್ಲಿ ಹೇಳಿದ್ದಾನೆ: ಭಾರತ ಯುದ್ಧ ಆಗಿ 3735 ವರ್ಷ, ಶಕ ವರ್ಷ 556. ನಡುವೆ ಹರ್ಷವರ್ಧನನ ಸೋಲು, ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಜೊತೆ ಹೋಲಿಸಿಕೊಳ್ಳೋ ಕವಿಯ ಜಂಬ. ಇದನ್ನು ಓದಬೇಕಾದರೆ ಲಿಪಿ ಗೊತ್ತಿರಬೇಕು, ಛಂದಸ್ಸು ಗೊತ್ತಿರಬೇಕು, ಪಂಚಾಂಗದ ಗಣಿತ ಬೇಕು, ರಾಜಕೀಯ ಚರಿತ್ರೆ ಬೇಕು. 1870ರ ದಶಕದಲ್ಲಿ ಇದನ್ನು ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಕೆಲಸದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ. ಅವರಿಗೆ ‘ನಿಮ್ಮ ಬ್ರಾಂಚ್ ಯಾವುದು?’ ಅಂತ ಯಾರೂ ಕೇಳಲಿಲ್ಲ!

ಈಗ 2022ಕ್ಕೆ ಬನ್ನಿ. ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ‘ಇಥಾಕಾ’ ಅನ್ನೋ ಎಐ ಬಗ್ಗೆ ಒಂದು ಪ್ರಬಂಧ ಬಂತು. ಒಡೆದುಹೋದ ಪ್ರಾಚೀನ ಗ್ರೀಕ್ ಶಾಸನಗಳಲ್ಲಿ ಅಳಿಸಿರೋ ಅಕ್ಷರ ಯಾವುದಿರಬಹುದು ಅಂತ ಊಹಿಸೋದು ಅದರ ಕೆಲಸ. ಮಾಡಿದವರ ಪೈಕಿ ಯಾನಿಸ್ ಅಸ್ಸೇಲ್ ಕಂಪ್ಯೂಟರ್ ಕಡೆಯವರು, ಥಿಯಾ ಸೋಮರ್‌ಶೀಲ್ಡ್ ಪ್ರಾಚೀನ ಇತಿಹಾಸದವರು. ಫಲಿತಾಂಶ ಕೇಳಿ. ಇತಿಹಾಸಕಾರರು ತಾವಾಗೇ ಊಹಿಸಿದಾಗ ಶೇ 25ರಷ್ಟು ಸರಿ. ಯಂತ್ರ ಒಂದೇ ಊಹಿಸಿದರೆ ಶೇ 62. ಇಬ್ಬರೂ ಕೂಡಿ ಕೂತಾಗ ಶೇ 72. ನನಗೆ ಮುಖ್ಯ ಅನಿಸೋದು 62ರಿಂದ 72ಕ್ಕೆ ಏರಿದ ಆ ಹತ್ತು. ಅದು ಬಂದದ್ದು ಇತಿಹಾಸ ಓದಿದವರ ತಲೆಯಿಂದ.

ನಮ್ಮ ಕಡೆ ಪರಿಸ್ಥಿತಿ ಹೇಗಿದೆ? ಎಐ ಅಂದ ತಕ್ಷಣ ಬೆರಳು ಬಾಗಲಕೋಟೆ ಕಡೆ ಹೋಗುತ್ತೆ. ಅಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ. ಇಲ್ಲಾಂದ್ರೆ ಧಾರವಾಡದ ಐಐಐಟಿ. ಹುನಗುಂದದಲ್ಲೋ ಇಳಕಲ್ಲಿನಲ್ಲೋ ಬಿ.ಎ. ಓದುವ ಹುಡುಗಿ ‘ಅದು ನಮ್ಮದಲ್ಲ ಬಿಡ್ರೀ, ಎಂಜಿನಿಯರಿಂಗ್‌ನವ್ರದು’ ಅಂತಾಳೆ. ಈ ಮಾತಿಗೆ ಚರಿತ್ರೆಯಲ್ಲಿ ಆಧಾರವೇ ಇಲ್ಲ.

‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಅನ್ನೋ ಹೆಸರು ನೆಲೆಯಾದದ್ದು 1956ರ ಬೇಸಿಗೆಯಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಭೆಯಿಂದ. ಅಲ್ಲಿಗೆ ಹೋಗಿದ್ದ ಹರ್ಬರ್ಟ್ ಸೈಮನ್ ಪಿಎಚ್.ಡಿ. ಮಾಡಿದ್ದು ರಾಜ್ಯಶಾಸ್ತ್ರದಲ್ಲಿ, ಮುಂದೆ 1978ರಲ್ಲಿ ನೊಬೆಲ್ ಬಂದದ್ದು ಅರ್ಥಶಾಸ್ತ್ರಕ್ಕೆ. ಇವತ್ತಿನ ನರಜಾಲಗಳ ಅಜ್ಜ ಅನ್ನಬಹುದಾದ ‘ಪರ್ಸೆಪ್ಟ್ರಾನ್’ ಬಗ್ಗೆ 1958ರಲ್ಲಿ ಬರೆದ ಫ್ರಾಂಕ್ ರೋಸೆನ್‌ಬ್ಲಾಟ್ ಮನೋವಿಜ್ಞಾನಿ, ಪ್ರಕಟವಾದದ್ದೂ ಮನೋವಿಜ್ಞಾನದ ಪತ್ರಿಕೆಯಲ್ಲೇ. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್ ಅವರ ಮೊದಲ ಡಿಗ್ರಿ ಕೂಡ ಮನೋವಿಜ್ಞಾನ. ಬಿ.ಎ.ನೇ ರೀ ಅದು!

ಕರ್ನಾಟಕಕ್ಕೂ ಇಂಥದ್ದೊಂದು ಹಳೆಯ ಕಥೆ ಇದೆ. 1985ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಒಂದು ಲೇಖನ ಬರೆದರು. ವಾಕ್ಯದ ಅರ್ಥವನ್ನು ಬಿಡಿಸಿ ಹೇಳೋಕೆ ಸಂಸ್ಕೃತ ವೈಯಾಕರಣರು ಬಳಸಿದ ಪದ್ಧತಿಗೂ ಎಐನವರು ಜ್ಞಾನವನ್ನು ನಿರೂಪಿಸೋ ಪದ್ಧತಿಗೂ ಹೋಲಿಕೆ ಇದೆ ಅಂತ ಅದರ ಸಾರ. ಮರುವರ್ಷ, 1986ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಇದೇ ವಿಷಯಕ್ಕೆ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಶಾಸ್ತ್ರ ಓದಿದ ಪಂಡಿತರು, ಕಂಪ್ಯೂಟರ್ ಓದಿದವರು ಒಂದೇ ಸಭೆಯಲ್ಲಿ. (ವಾಟ್ಸಾಪ್‌ನಲ್ಲಿ ಓಡಾಡೋ ‘ಕಂಪ್ಯೂಟರಿಗೆ ಸಂಸ್ಕೃತವೇ ಬೆಸ್ಟ್, ನಾಸಾ ಹೇಳಿದೆ’ ಅನ್ನೋ ಸಂದೇಶದ ಬೇರು ಆ ಲೇಖನದಲ್ಲೇ ಇದೆ. ಲೇಖನ ಹಾಗೆ ಹೇಳಿಲ್ಲ.) ಆಮೇಲೆ ಐಐಟಿ ಕಾನ್ಪುರದಲ್ಲಿ ಪಾಣಿನಿಯ ಕಾರಕ ವಿಚಾರ ಹಿಡಿದು ‘ಅನುಸಾರಕ’ ಅನ್ನೋ ಅನುವಾದ ವ್ಯವಸ್ಥೆ ಕಟ್ಟಿದರು. ಅದು ಕನ್ನಡದಿಂದ ಹಿಂದಿಗೂ ಕೆಲಸ ಮಾಡುತ್ತಿತ್ತು.

ಆದರೆ ಹುನಗುಂದದವರಿಗೆ ಇನ್ನೂ ಹತ್ತಿರದ ಉದಾಹರಣೆ ಕೂಡಲಸಂಗಮ. ಕೃಷ್ಣಾ, ಮಲಪ್ರಭಾ ಸೇರೋ ಜಾಗ, ಬಸವಣ್ಣನವರ ಐಕ್ಯಸ್ಥಳ, ಇದೇ ತಾಲ್ಲೂಕು. ವಚನಗಳನ್ನು ತಾಳೆಗರಿಯಿಂದ ಹುಡುಕಿ ಅಚ್ಚಿಗೆ ತಂದ ಫ.ಗು. ಹಳಕಟ್ಟಿ ವೃತ್ತಿಯಲ್ಲಿ ವಿಜಯಪುರದ ವಕೀಲರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು 1923ರಲ್ಲಿ. 1993ರಲ್ಲಿ ಎಂ.ಎಂ. ಕಲಬುರ್ಗಿ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟ ಬಂತು, 15 ಸಂಪುಟ. ಮುಂದೆ ‘ವಚನ ಸಂಚಯ’ ಅಂತ ಒಂದು ಜಾಲತಾಣ ಹುಟ್ಟಿತು. ತಂತ್ರಜ್ಞಾನದವರಾದ ಓಂಶಿವಪ್ರಕಾಶ್, ಸಾಹಿತ್ಯದವರಾದ ಓ.ಎಲ್. ನಾಗಭೂಷಣಸ್ವಾಮಿ ಮುಂತಾದವರು ಸೇರಿ ಮಾಡಿದ್ದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಯಾವ ಪದ ಬೇಕಾದರೂ ಹುಡುಕಬಹುದು. ‘ಕಾಯಕ’ ಅಂತ ಫೋನಲ್ಲೇ ಟೈಪ್ ಮಾಡಿ ನೋಡಿ.

ಇಲ್ಲೊಂದು ಪ್ರಯೋಗ ಯೋಚಿಸೋಣ. ಎಂಜಿನಿಯರಿಂಗ್ ಹುಡುಗ ಈ ವಚನಗಳನ್ನು ಯಂತ್ರಕ್ಕೆ ಕೊಟ್ಟು ‘ಇದು ಯಾರು ಬರೆದದ್ದು?’ ಅಂತ ಕಲಿಸ್ತಾನೆ ಅಂದುಕೊಳ್ಳಿ. ನೂರಕ್ಕೆ ತೊಂಬತ್ತೊಂಬತ್ತು ಸರಿ ಉತ್ತರ ಬಂದರೂ ಆಶ್ಚರ್ಯವಿಲ್ಲ. ಅವನು ಕುಣಿದಾಡ್ತಾನೆ. ಕನ್ನಡ ಐಚ್ಛಿಕ ಓದಿದ ಹುಡುಗಿ ನೋಡಿದರೆ ಎರಡು ನಿಮಿಷದಲ್ಲಿ ನಗ್ತಾಳೆ. ಯಾಕೆಂದರೆ ವಚನದ ಕೊನೆಗೆ ಅಂಕಿತ ಇರುತ್ತೆ. ‘ಕೂಡಲಸಂಗಮದೇವ’ ಇದ್ದರೆ ಬಸವಣ್ಣ, ‘ಚೆನ್ನಮಲ್ಲಿಕಾರ್ಜುನ’ ಇದ್ದರೆ ಅಕ್ಕ. ಯಂತ್ರ ಶೈಲಿ ಕಲಿತೇ ಇಲ್ಲ, ಬರೀ ಕೊನೆಯ ಪದ ನೋಡಿ ಪಾಸಾಗಿದೆ! ಅಂಕಿತ ಕತ್ತರಿಸಿ ಮತ್ತೆ ಪರೀಕ್ಷೆ ಇಟ್ಟಾಗಲೇ ನಿಜ ಗೊತ್ತಾಗೋದು.

ಅಷ್ಟಕ್ಕೇ ಮುಗಿಯಲ್ಲ. ನಂತರದ ಶತಮಾನಗಳಲ್ಲಿ ಬೇರೆಯವರು ಬರೆದು ಹಳೆಯ ಅಂಕಿತ ಹಾಕಿದ ವಚನಗಳೂ ಸೇರಿಕೊಂಡಿವೆ. ಸಂಪಾದಕರು ವರ್ಷಗಟ್ಟಲೆ ಗುದ್ದಾಡಿದ್ದು ಇದರ ಜೊತೆಗೇ. ಅಂಕಿತ ಬದಲಿಸಿದ ಪ್ರಸಂಗವೂ ಇದೆ: ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಅಂತ ಮಾಡಿದ ಮಾತೆ ಮಹಾದೇವಿ ಅವರ ‘ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಪುಸ್ತಕ ಡೇಟಾದೊಳಗೆ ಬಂದರೆ ಯಂತ್ರ ಹೊಸದೊಬ್ಬ ವಚನಕಾರನನ್ನೇ ಕಂಡುಹಿಡಿದುಬಿಡುತ್ತೆ. ಅಂದರೆ ಒಂದು ಡೇಟಾ ಸೆಟ್ಟಿನೊಳಗೆ ಸಾಹಿತ್ಯ, ಇತಿಹಾಸ, ಧರ್ಮ, ಕಾನೂನು ಎಲ್ಲ ಕೂತಿವೆ.

ಮಾತಿನ ಕಥೆಯೂ ಹೀಗೇ. ಬೆಂಗಳೂರಿನ ಐಐಎಸ್‌ಸಿ ಗೂಗಲ್ ಜೊತೆ ಸೇರಿ ‘ವಾಣಿ’ ಅನ್ನೋ ಯೋಜನೆ ನಡೆಸುತ್ತಿದೆ. ದೇಶದ 773 ಜಿಲ್ಲೆಗಳ ಜನರ ದನಿ ಸಂಗ್ರಹಿಸೋದು ಗುರಿ. ಬಾಗಲಕೋಟೆ ಜಿಲ್ಲೆಯ ದನಿ ಕೂಡಿಟ್ಟ ಮೇಲೆ ‘ಹೊಂಟೇನಿ’, ‘ಬರಾಕತ್ತಾನ’ ಅನ್ನೋದನ್ನು ಹಾಗೇ ಬರೆದಿಡಬೇಕಾ, ‘ಹೊರಟಿದ್ದೇನೆ’, ‘ಬರುತ್ತಿದ್ದಾನೆ’ ಅಂತ ತಿದ್ದಬೇಕಾ? ಒಮ್ಮೆ ತಿದ್ದಿದರೆ ಯಂತ್ರದ ಮಟ್ಟಿಗೆ ನಮ್ಮ ಮಾತು ತಪ್ಪು ಅಂತಲೇ ದಾಖಲು. ಇದನ್ನು ಕೋಡ್ ಬರೆಯೋರು ಒಬ್ಬರೇ ತೀರ್ಮಾನಿಸೋಕೆ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಭಾಷಾವಿಜ್ಞಾನ ಓದಿದವರು ಬೇಕು, ಆ ಮಾತು ಆಡೋರೂ ಬೇಕು.

ಹಾಗಂತ ಬಿ.ಎ. ವಿದ್ಯಾರ್ಥಿಗಳಿಗೆ ‘ಎಐ ಟೂಲ್ಸ್ ಬಳಸುವುದು ಹೇಗೆ’ ಅಂತ ಎರಡು ದಿನದ ಸರ್ಟಿಫಿಕೇಟ್ ಕೋರ್ಸ್ ಕೊಟ್ಟರೆ ಏನೂ ಆಗಲ್ಲ. ಬಟನ್ ಒತ್ತೋದು ನಿಮಗೆಲ್ಲ ಮೊದಲೇ ಗೊತ್ತು. ಬೇಕಾದದ್ದು ಸಂಖ್ಯಾಶಾಸ್ತ್ರದ ಮೊದಲ ಪಾಠಗಳು, ಸ್ವಲ್ಪ ಪೈಥಾನ್, ಮತ್ತು ತಮ್ಮದೇ ವಿಷಯದ ಒಂದು ಪ್ರಶ್ನೆ. ಅತ್ತ ಎಂಜಿನಿಯರಿಂಗ್‌ನವರಿಗೆ ಪಠ್ಯ ಸಂಪಾದನೆಯ ಒಂದು ಪೇಪರ್. ಬಾಗಲಕೋಟೆಯಿಂದ ಹುನಗುಂದಕ್ಕೆ ಬಸ್ಸಿದೆ, ವಚನಗಳೆಲ್ಲ ಪುಕ್ಕಟೆ ಆನ್‌ಲೈನ್‌ನಲ್ಲಿವೆ. ಎರಡೂ ಕಾಲೇಜಿನ ಇಬ್ಬಿಬ್ಬರು ಕೂತು ಅಂಕಿತ ತೆಗೆದ ಆ ಪರೀಕ್ಷೆಯನ್ನು ಒಂದು ಸೆಮಿಸ್ಟರ್‌ನಲ್ಲಿ ಮಾಡಿ ಮುಗಿಸಬಹುದು. ಮಾಡಿದರೆ ಉತ್ತರ ಏನು ಬಂತು ಅಂತ ನಮಗೊಂದು ವಾಯ್ಸ್ ನೋಟ್ ಕಳಿಸಿ, ಹುನಗುಂದದ ಮಾತಿನಲ್ಲೇ.